ಸರಾಯೆವೊ, ಮೊಸ್ತಾರ್, ಡುಬ್ರೊವ್ನಿಕ್: ಮರಳಿ ಕಟ್ಟಿದ ಊರುಗಳನ್ನು ನೋಡುವ ಕ್ರಮ

ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ತಂಗಿ, ಅಲ್ಲಿಂದ ಒಂದು ದಿನದ ಮಟ್ಟಿಗೆ ಪಕ್ಕದ ಬೋಸ್ನಿಯಾದ ಮೊಸ್ತಾರ್‌ಗೆ ಹೋಗಿ, ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು ಸಂಜೆಗೆ ಮರಳುವುದು ಈ ಭಾಗದ ಪ್ರವಾಸಿಗರಲ್ಲಿ ಅನೇಕರ ರೂಢಿ. ನಾವು ಸೆಪ್ಟೆಂಬರ್ ತಿಂಗಳಲ್ಲಿ ಹೋದಾಗ ಈ ಕ್ರಮವನ್ನು ತಿರುಗಿಸಿ ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ ಮೂರು ರಾತ್ರಿ, ಮೊಸ್ತಾರ್‌ನಲ್ಲಿ ಎರಡು, ಕೊನೆಗೆ ಡುಬ್ರೊವ್ನಿಕ್‌ನಲ್ಲಿ ಎರಡು ರಾತ್ರಿ ಉಳಿದೆವು. ಹೋಗುವವರಿಗೆ ನಾನು ಇದೇ ಕ್ರಮವನ್ನು ಹೇಳುತ್ತೇನೆ. 1990ರ ದಶಕದ ಯುದ್ಧಗಳಲ್ಲಿ ಪೆಟ್ಟು ತಿಂದು ಮತ್ತೆ ಎದ್ದ ಈ ಊರುಗಳಲ್ಲಿ ಹಳೆಯ ಕಲ್ಲು ಯಾವುದು, ಹೊಸದು ಯಾವುದು ಎಂದು ಗುರುತಿಸಲು ಕಣ್ಣು ಪಳಗಬೇಕು. ಅದಕ್ಕೆ ಸರಾಯೆವೊ ಒಳ್ಳೆಯ ಆರಂಭ.

ಮೊದಲು ವೀಸಾದ ವಿಷಯ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ), ಬೋಸ್ನಿಯಾ ಅದರ ಹೊರಗಿದೆ. ವಿಯೆನ್ನಾದಂಥ ಷೆಂಗೆನ್ ಊರಿನಲ್ಲಿ ಇಳಿದು, ಬೋಸ್ನಿಯಾ ನೋಡಿ, ಮತ್ತೆ ಡುಬ್ರೊವ್ನಿಕ್‌ಗೆ ಬರುವವರಿಗೆ ಅದು ಎರಡನೆಯ ಪ್ರವೇಶವಾಗುತ್ತದೆ. ಒಂದೇ ಪ್ರವೇಶದ ವೀಸಾ ಇದ್ದರೆ ಗಡಿಯಲ್ಲೇ ನಿಲ್ಲಬೇಕಾಗುತ್ತದೆ. ಬೋಸ್ನಿಯಾದ ಪ್ರವೇಶ ನಿಯಮಗಳನ್ನು ಅವರ ರಾಯಭಾರ ಕಚೇರಿಯಿಂದ ತಿಳಿದುಕೊಂಡ ನಂತರವೇ ಟಿಕೆಟ್ ಕೊಳ್ಳಿ.

ಸರಾಯೆವೊದ ಹಳೆಯ ಪೇಟೆ ಬಾಷ್‌ಚಾರ್ಷಿಯಾದಿಂದ ಪಶ್ಚಿಮಕ್ಕೆ ನಡೆಯುತ್ತ ಹೋದರೆ, ಒಟ್ಟೊಮನ್ ಕಾಲದ ತಗ್ಗು ಮಾಡಿನ ಅಂಗಡಿಗಳು ಮುಗಿದು ಆಸ್ಟ್ರಿಯಾ–ಹಂಗೇರಿ ಆಳ್ವಿಕೆಯ ಎತ್ತರದ ಕಟ್ಟಡಗಳು ಶುರುವಾಗುವ ಗೆರೆ ಕಾಲಡಿಯಲ್ಲೇ ಸಿಗುತ್ತದೆ. ಅದೇ ಪೇಟೆಯಲ್ಲಿ, 1531ರ ಗಾಝಿ ಹುಸ್ರೆವ್ ಬೇಗ್ ಮಸೀದಿಯ ಪಕ್ಕದಲ್ಲಿ, ಒಂದು ಗಡಿಯಾರ ಗೋಪುರವಿದೆ. ನನ್ನ ಕೈಗಡಿಯಾರ ಏಳರ ಹತ್ತಿರವಿದ್ದಾಗ ಗೋಪುರದ ಮುಳ್ಳುಗಳೆರಡೂ ಹನ್ನೆರಡರ ಮೇಲೆ ಕೂಡಿದವು. ಮರುಕ್ಷಣವೇ ಆಜಾನ್ ಕೇಳಿಸಿತು. ಈ ಗಡಿಯಾರಕ್ಕೆ ಸೂರ್ಯಾಸ್ತವೇ ಹನ್ನೆರಡು ಗಂಟೆ, ದಿನ ಆರಂಭವಾಗುವುದೇ ಆಗ. ಸೂರ್ಯಾಸ್ತದ ವೇಳೆ ಸರಿದಂತೆಲ್ಲ ಮುಳ್ಳುಗಳನ್ನು ಕೈಯಿಂದ ಹೊಂದಿಸುತ್ತಾರೆ. ಸಂಜೆ ಅಲ್ಲಿರುವಂತೆ ನೋಡಿಕೊಳ್ಳಿ.

ನದಿಯ ದಂಡೆಯಲ್ಲಿರುವ ವಿಯೆಚ್ನಿತ್ಸಾ, ಅಂದರೆ 1896ರ ಪುರಭವನಕ್ಕೆ, ಒಂದು ಪೂರ್ಣ ಬೆಳಗ್ಗೆಯನ್ನು ಮೀಸಲಿಡಿ. ಪಟ್ಟೆ ಪಟ್ಟೆ ಗೋಡೆ, ಕುದುರೆಲಾಳದ ಆಕಾರದ ಕಮಾನುಗಳ ಈ ಶೈಲಿ ಬೋಸ್ನಿಯಾದ್ದಲ್ಲ. ಇಲ್ಲಿಯ ಮುಸ್ಲಿಮರಿಗೆ ಒಪ್ಪುತ್ತದೆಂದು ವಿಯೆನ್ನಾದ ಆಡಳಿತಗಾರರು ಕೈರೊ, ಸ್ಪೇನ್ ಕಡೆಯ ಮಾದರಿಗಳಿಂದ ತಂದದ್ದು. ಕೂಗಳತೆಯ ದೂರದಲ್ಲಿರುವ ಸರಳ ಗುಮ್ಮಟಗಳ ಮಸೀದಿಗಳನ್ನು ನೋಡಿ ಬಂದವರಿಗೆ ಈ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮುಂದೆ ಇದು ರಾಷ್ಟ್ರೀಯ ಗ್ರಂಥಾಲಯವಾಯಿತು. 1992ರ ಆಗಸ್ಟ್‌ನಲ್ಲಿ ಶೆಲ್ ದಾಳಿಗೆ ಹೊತ್ತಿ ಉರಿದು, ಪುಸ್ತಕಗಳ ಬಹುಭಾಗ ಬೂದಿಯಾಯಿತು. 2014ರಲ್ಲಿ ಮತ್ತೆ ತೆರೆದ ಕಟ್ಟಡದಲ್ಲಿ ಬಣ್ಣಗಳು ಹೊಚ್ಚ ಹೊಸದಾಗಿ ಹೊಳೆಯುತ್ತವೆ. ಆ ಹೊಳಪಿನ ನಡುವೆ ನಿಂತಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಮೊಸ್ತಾರ್‌ಗೆ ಬಸ್ಸಿಗಿಂತ ರೈಲು ಉತ್ತಮ. ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ವೇಳೆಯನ್ನು ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ. ಸುಮಾರು ಎರಡು ಗಂಟೆಯ ಈ ದಾರಿ ಸುರಂಗಗಳನ್ನು ಹಾಯ್ದು, ಕೊನ್ಯಿತ್ಸ್ ಕಣಿವೆಗೆ ಸುತ್ತಿ ಸುತ್ತಿ ಇಳಿದು, ಹಸಿರು ನೆರೆತ್ವಾ ನದಿಯನ್ನು ಹಿಡಿದು ಸಾಗುತ್ತದೆ.

ಮೊಸ್ತಾರ್‌ನ ಹಳೆಯ ಸೇತುವೆಯನ್ನು ನೋಡಬೇಕಾದದ್ದು ಬೆಳಗ್ಗೆ ಆರೂವರೆಗೆ, ದಿನದ ಬಸ್ಸುಗಳು ಬರುವ ಮೊದಲು. ಹೆಸರಾಂತ ಒಟ್ಟೊಮನ್ ವಾಸ್ತುಶಿಲ್ಪಿ ಸಿನಾನ್‌ನ ಶಿಷ್ಯ ಹೈರುದ್ದೀನ್ 1566ರಲ್ಲಿ ಪೂರೈಸಿದ, ಸುಮಾರು 29 ಮೀಟರ್ ಅಗಲದ ಈ ಒಂಟಿ ಕಮಾನಿಗೆ ನಡುವೆ ಕಂಬವೇ ಇಲ್ಲ. ತೆನೆಲಿಯಾ ಎಂದು ಕರೆಯುವ ಬಿಳಿಚು ಸುಣ್ಣಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದು, ಕೊಂಡಿಯ ಕುಳಿಗೆ ಕರಗಿಸಿದ ಸೀಸ ಸುರಿದಿದ್ದಾರೆ. 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಸೇತುವೆ ನದಿಗೆ ಬಿತ್ತು. ಮುಳುಗುಗಾರರು ಎತ್ತಿದ ಕಲ್ಲುಗಳು ಬಹುಮಟ್ಟಿಗೆ ಮತ್ತೆ ಬಳಸುವಂತಿರಲಿಲ್ಲ. ಆದ್ದರಿಂದ ಅದೇ ಜಾತಿಯ ಕಲ್ಲು, ಅದೇ ಕೊಂಡಿ, ಅದೇ ಸೀಸದಿಂದ ಹೊಸದಾಗಿ ಕಟ್ಟಿ 2004ರ ಜುಲೈಯಲ್ಲಿ ತೆರೆದರು. ಸೇತುವೆಯ ತುದಿಯಲ್ಲಿರುವ ತಾರಾ ಗೋಪುರದೊಳಗಿನ ವಸ್ತುಸಂಗ್ರಹಾಲಯವನ್ನು ನೋಡಿದ ಮೇಲೆ ಇನ್ನೊಮ್ಮೆ ಸೇತುವೆಗೆ ಬಂದು ಕಮಾನಿನ ಬುಡವನ್ನು ಗಮನಿಸಿ. ಇದು ನಿಜವಾದ ಹಳೆಯ ಸೇತುವೆಯೇ ಎಂದು ಕೇಳುವವರಿದ್ದಾರೆ. ಕಟ್ಟುವ ವಿದ್ಯೆ ಉಳಿದಿದೆ, ಆಚೆ ದಡದವರು ಈಚೆಗೆ ನಡೆದು ಬರುತ್ತಿದ್ದಾರೆ. ನನ್ನ ಮಟ್ಟಿಗೆ ಇದೇ ಆ ಸೇತುವೆ.

ನಡೆಯುವ ಹಾಸು ಕಡಿದಾಗಿದ್ದು, ಕಾಲೂರಲು ಅಡ್ಡಲಾಗಿ ಕಲ್ಲಿನ ಏಣುಗಳನ್ನು ಎಬ್ಬಿಸಿದ್ದಾರೆ. ಏಣುಗಳ ನಡುವಿನ ಕಲ್ಲು ಸವೆದು ಗಾಜಿನಂತಾಗಿದೆ. ನನ್ನ ತಾಯಿ ಒಣ ಹವೆಯಲ್ಲೇ ಜಾರಿದರು. ಹಿಡಿತವಿರುವ ಬೂಟು ಇಲ್ಲದೆ ವಯಸ್ಸಾದವರನ್ನು ಕರೆತರಬೇಡಿ. ಹತ್ತಿರದಲ್ಲೇ ರಾದೊಬೊಲ್ಯಾ ಹೊಳೆಯ ಮೇಲೆ 1558ರ ಪುಟ್ಟ ಓರೆ ಸೇತುವೆಯಿದೆ. ಅದೂ ನೆರೆಗೆ ಕೊಚ್ಚಿಹೋಗಿ ಮರಳಿ ಕಟ್ಟಿದ್ದೇ.

ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಇಲ್ಲಿ ಬುರೆಕ್ (ತೆಳು ಹಿಟ್ಟಿನ ಹಾಳೆಯಲ್ಲಿ ಹೂರಣ ಸುತ್ತಿ ಬೇಯಿಸಿದ ತಿಂಡಿ) ಎಂದರೆ ಮಾಂಸದ್ದೇ. ಪಾಲಕ್ ಮತ್ತು ಚೀಸ್‌ನದು ಬೇಕಾದರೆ ಝೆಲ್ಯಾನಿತ್ಸಾ, ಆಲೂಗಡ್ಡೆಯದಕ್ಕೆ ಕ್ರೊಂಪಿರುಷಾ ಎಂದು ಕೇಳಬೇಕು. ಚಿಕ್ಕ ಅಂಗಡಿಗಳಿಗಾಗಿ ಬೋಸ್ನಿಯಾದ ಮಾರ್ಕ್ ನೋಟುಗಳನ್ನು ಇಟ್ಟುಕೊಳ್ಳಿ. ಒಂದು ಯೂರೊಗೆ ಎರಡು ಮಾರ್ಕ್‌ಗಿಂತ ತುಸು ಕಡಿಮೆ.

ಡುಬ್ರೊವ್ನಿಕ್ ಬಸ್ಸಿಗೆ ಗಡಿಯಲ್ಲಿ ತಡವಾಗುವುದು ಸಾಮಾನ್ಯ, ಆ ದಿನ ಬೇರೆ ಯೋಜನೆ ಬೇಡ. ಸುಮಾರು ಎರಡು ಕಿಲೋಮೀಟರ್ ಉದ್ದದ ಕೋಟೆಗೋಡೆಯ ಟಿಕೆಟ್ ದುಬಾರಿ. ಬಾಗಿಲು ತೆರೆಯುತ್ತಲೇ ಹತ್ತಿದರೆ ಬಿಸಿಲೂ ಜನರೂ ಕಡಿಮೆ. ಮೇಲಿನಿಂದ ಹೆಂಚುಗಳನ್ನು ನೋಡಿ: ಮಾಸಿದ, ಹಳದಿಗೆ ತಿರುಗಿದವು ಹಳೆಯವು, ಅಚ್ಚ ಕಿತ್ತಳೆಯವು 1991–92ರ ಮುತ್ತಿಗೆಯ ನಂತರ ಹೊದಿಸಿದವು. ಸರಾಯೆವೊ, ಮೊಸ್ತಾರ್‌ಗಳನ್ನು ದಾಟಿ ಬಂದ ನಮಗೆ ಅದನ್ನು ಯಾರೂ ತೋರಿಸಬೇಕಾಗಲಿಲ್ಲ. ಗೋಡೆ ಹತ್ತಿದ ಮೊದಲ ಐದು ನಿಮಿಷದಲ್ಲೇ ನನ್ನ ತಾಯಿ ಕಿತ್ತಳೆ ಮಾಡುಗಳನ್ನು ಎಣಿಸತೊಡಗಿ, ಎಣಿಕೆ ಮುಗಿಯದೆ ಬಿಟ್ಟರು.