ಮೆಟ್ಟಿಲ ಬುಡದ ಡ್ರಮ್ ಸದ್ದು

ನನ್ನ ಮೆಚ್ಚಿನ ರಾಕ್ ಹಾಡುಗಳಲ್ಲಿ ಮೊದಲ ಜಾಗ ಲೆಡ್ ಜೆಪೆಲಿನ್ ತಂಡದ ‘ವೆನ್ ದಿ ಲೆವಿ ಬ್ರೇಕ್ಸ್’ಗೆ. ಅದೂ ಶುರುವಿನ ಬರೀ ಡ್ರಮ್ ಸದ್ದಿಗೇ. 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ 1929ರಲ್ಲಿ ಬಂದ ಬ್ಲೂಸ್ ಹಾಡು ಇದು. ಜೆಪೆಲಿನ್ ರೂಪ ಬಂದದ್ದು 1971ರಲ್ಲಿ.

ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಹಜಾರದಲ್ಲಿ, ಮೆಟ್ಟಿಲ ಬುಡದಲ್ಲಿ, ಜಾನ್ ಬೋನಮ್ ಅವರ ಡ್ರಮ್ ಸೆಟ್. ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನಿಂದ ಎರಡು ಬೇಯರ್ ಎಂ160 ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಮೈಕ್) ಇಳಿಬಿಟ್ಟರು. ಕಾಲಲ್ಲಿ ಬಾರಿಸುವ ದೊಡ್ಡ ಬಾಸ್ ಡ್ರಮ್ಮಿಗೆ ಬೇರೆ ಮೈಕ್ ಇಲ್ಲ. ಆಮೇಲೆ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್, ಮಾರ್ದನಿ ಸೇರಿಸುವ ಬಿನ್ಸನ್ ಎಕೋ ಯಂತ್ರ. ಅಷ್ಟೇ!

ಹೀಗೆ ಮನೆಯಲ್ಲಿ ಡ್ರಮ್ ರೆಕಾರ್ಡ್ ಮಾಡಲು ಪ್ರಯತ್ನಿಸುವವರು ಎಡವುವುದು ಸಿಂಬಲ್‌ನಲ್ಲಿ, ಅಂದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳಲ್ಲಿ. ಕಂಪ್ರೆಸರ್ ಜೋರು ಸದ್ದನ್ನು ಅದುಮಿದಾಗ ಸಣ್ಣ ಸದ್ದು ಮೇಲೇಳುತ್ತದೆ, ಸಿಂಬಲ್ಲಿನ ಝೇಂಕಾರ ಎಲ್ಲವನ್ನೂ ನುಂಗುತ್ತದೆ. ಹಾಗಾಗಿ ಸಿಂಬಲ್ ಮೆಲ್ಲಗೆ, ಬಾಸ್ ಡ್ರಮ್ ಜೋರಾಗಿ ಬಾರಿಸಬೇಕು. ಕಂಪ್ರೆಸರ್‌ನ ಅಟ್ಯಾಕ್, ಅಂದರೆ ಜೋರು ಸದ್ದು ಬಂದ ಮೇಲೆ ಅದುಮಲು ಅದು ತೆಗೆದುಕೊಳ್ಳುವ ಸಮಯ, 20–30 ಮಿಲಿಸೆಕೆಂಡ್‌ನಿಂದ ಶುರು ಮಾಡಿ. ತೀರಾ ಚುರುಕಾದರೆ ಪೆಟ್ಟಿನ ಮೊನೆಯೇ ಸವೆಯುತ್ತದೆ. ಲಯವೂ ನಿಧಾನ ಬೇಕು. ಒಂದು ಪೆಟ್ಟಿನ ಮಾರ್ದನಿ ಅಡಗುವ ಮೊದಲೇ ಇನ್ನೊಂದು ಬಿದ್ದರೆ ಎಲ್ಲ ಕಲಸುಮೇಲೋಗರ. ಎರಡು ಮೈಕ್ ಸೇರಿಸಿದಾಗ ತಳದ ಸದ್ದು ತೆಳುವಾದರೆ ಒಂದರ ಪೊಲಾರಿಟಿ (ಸದ್ದಿನ ಅಲೆಯ ಮೇಲು-ಕೆಳಗು) ತಿರುಗಿಸಿ ಕೇಳಿ.