ಒಂದೇ ಹಂಬಕರ್, ಮೂರು ಮ್ಯಾಗ್ನೆಟ್

ಮೊದಲ ವಾರ

ಆಲ್ನಿಕೊ 2 ಮೆತ್ತಗೆ, ಆಲ್ನಿಕೊ 5 ಚುರುಕು, ಸೆರಾಮಿಕ್ ಒರಟು. ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡ ದಿನದಿಂದ ಅದರ ಪಿಕಪ್‌ನೊಳಗಿನ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದೊಳಗಿನ, ಮ್ಯಾಗ್ನೆಟ್‌ಗಳ ಬಗ್ಗೆ ಈ ಮಾತು ಕೇಳುತ್ತ ಬಂದಿದ್ದೇನೆ. ಆಲ್ನಿಕೊ ಎಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹ; ಅಂಕಿ ಅದರ ಬಗೆ. ಆದರೆ ಹಾಗೆ ಹೇಳುವವರು ಹೋಲಿಸಿದ್ದು ಬೇರೆ ಬೇರೆ ಪಿಕಪ್‌ಗಳನ್ನು. ಅವುಗಳಲ್ಲಿ ಮ್ಯಾಗ್ನೆಟ್ಟಿನ ಜೊತೆ ತಾಮ್ರದ ಸರಿಗೆಯ ಕಾಯಿಲ್‌ನ ಸುತ್ತುಗಳೂ ಬೇರೆ, ಎತ್ತರವೂ ಬೇರೆ, ಎಷ್ಟೋ ಸಲ ಗಿಟಾರೇ ಬೇರೆ. ಒಂದೇ ಪಿಕಪ್ ಇಟ್ಟುಕೊಂಡು ಮ್ಯಾಗ್ನೆಟ್ ಮಾತ್ರ ಬದಲಿಸಿ ಕೇಳಬೇಕೆಂಬ ಆಸೆ ಬಹಳ ದಿನಗಳದ್ದು.

ಈ ಕೆಲಸಕ್ಕೆ ಹಂಬಕರ್, ಅಂದರೆ ಗುಂಯ್‌ಗುಡುವಿಕೆ ತಗ್ಗಿಸುವ ಜೋಡಿ ಕಾಯಿಲ್‌ನ ಪಿಕಪ್, ಹೇಳಿ ಮಾಡಿಸಿದಂತಿದೆ. ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್ ಬಗೆಯ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ತಂತಿಗಳ ಕೆಳಗಿನ ಆರು ಕಡ್ಡಿಗಳೇ ಮ್ಯಾಗ್ನೆಟ್; ಎಳೆಯಲು ಹೋದರೆ ಕಾಯಿಲ್ ಕೆಡಬಹುದು. ಗಿಟಾರ್ ಕಂಪನಿ ಗಿಬ್ಸನ್‌ನಲ್ಲಿದ್ದ ಸೇತ್ ಲವರ್ ರೂಪಿಸಿದ ಹಂಬಕರ್‌ನಲ್ಲಿ ಎರಡು ಕಾಯಿಲ್, ಅವುಗಳ ಅಡಿಯಲ್ಲಿ ಪಟ್ಟಿಯಂಥ ಒಂದು ಮ್ಯಾಗ್ನೆಟ್. 1955ರಲ್ಲಿ ಹಾಕಿದ ಪೇಟೆಂಟ್ ಅರ್ಜಿ ಮಂಜೂರಾಗಿದ್ದು 1959ರಲ್ಲಿ. ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಎಂಬ ಚೀಟಿ ಹೊತ್ತು ಬಂದ ಆ ಕಾಲದ ಪಿಕಪ್‌ಗಳನ್ನೇ ಪಿಎಎಫ್ (ಪೇಟೆಂಟ್ ಅಪ್ಲೈಡ್ ಫಾರ್) ಅನ್ನುವುದು. ಅವುಗಳಲ್ಲಿ ಆಲ್ನಿಕೊ 2ರಿಂದ 5ರವರೆಗೆ ಎಲ್ಲವೂ ಸಿಗುತ್ತವೆ, ಸುತ್ತುಗಳೂ ಒಂದರಂತೆ ಒಂದಿಲ್ಲ. ಹಾಗಾಗಿ ‘ಪಿಎಎಫ್ ದನಿ’ ಎಂದು ಯಾರಾದರೂ ಹೇಳಿದರೆ ಯಾವ ಪಿಎಎಫ್ ಎಂದು ಕೇಳಬೇಕಾಗುತ್ತದೆ.

ನನ್ನದು ಮೇಣ ಹಾಕದ, ಮುಚ್ಚಳವಿಲ್ಲದ ಹಂಬಕರ್. ಮೀಟರ್‌ನಲ್ಲಿ ಅದರ ರೋಧ 8.1 ಕಿಲೊ ಓಮ್. ಅಡಿಯ ನಾಲ್ಕು ಸ್ಕ್ರೂ ಸಡಿಲಿಸಿದರೆ ಮ್ಯಾಗ್ನೆಟ್ ಪಕ್ಕಕ್ಕೆ ಜಾರಿ ಬರುತ್ತದೆ. ತಂತಿಗಳ ಕೆಳತುದಿ ನಿಲ್ಲುವ ಬ್ರಿಡ್ಜ್ ಹತ್ತಿರದ ಜಾಗದಲ್ಲಿ ಕೂರಿಸಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವಿನ ಅಂತರವನ್ನು ದಪ್ಪ ತಂತಿಯ ಕಡೆ 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ.ಗೆ ನಿಲ್ಲಿಸಿದೆ. ಮೂರಕ್ಕೂ ಇದೇ ಅಳತೆ.

ಎರಡನೇ ವಾರ

ಪ್ರತಿ ಮ್ಯಾಗ್ನೆಟ್ಟಿಗೂ ಮೂರು ತುಣುಕು ನುಡಿಸಿದೆ: ಬಿಡಿ ತಂತಿಗಳ ಇ ಕಾರ್ಡ್, ಎರಡನೇ ತಂತಿಯಲ್ಲಿ ನಿಧಾನದ ಒಂದು ಬೆಂಡ್ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು), ಜಾರುಗಳ ಜೊತೆ ಮೋಹನದ ಆರೋಹಣ ಅವರೋಹಣ. ಆಂಪ್ ಇಲ್ಲದೆ ನೇರ ರೆಕಾರ್ಡ್ ಮಾಡಿ, ಆಮೇಲೆ ಎಲ್ಲವನ್ನೂ ಕಂಪ್ಯೂಟರಿನ ಒಂದೇ ಆಂಪ್ ಸೆಟ್ಟಿಂಗ್ ಮೂಲಕ ಹಾಯಿಸಿದೆ.

ಆಲ್ನಿಕೊ 5 ಹಾಕಿದ ದಿನ ಒಂದು ಎಡವಟ್ಟಾಯಿತು. ಬ್ರಿಡ್ಜ್ ಪಿಕಪ್ ಒಂದೇ ನುಡಿದಾಗ ಚೆನ್ನಾಗಿತ್ತು, ಸ್ವಿಚ್ ನಡುವಿಗೆ ತಂದು ಗಿಟಾರಿನ ಕತ್ತಿನ ಕಡೆಯ ನೆಕ್ ಪಿಕಪ್ ಸೇರಿಸಿದರೆ ದನಿ ತಗಡಿನಂತೆ ತೆಳ್ಳಗಾಗಿ ಕೆಳಸ್ವರವೇ ಮಾಯ. ಬೆಸುಗೆಯ ತಪ್ಪೆಂದು ಒಂದು ಗಂಟೆ ವೈರ್ ತಡಕಿದೆ. ಕೊನೆಗೆ ದಿಕ್ಸೂಚಿ ಹಿಡಿದಾಗ ತಿಳಿಯಿತು, ಮ್ಯಾಗ್ನೆಟ್ ಉತ್ತರ ದಕ್ಷಿಣ ತಿರುಗಿ ಕೂತಿತ್ತು, ಹಾಗಾಗಿ ಎರಡು ಪಿಕಪ್‌ಗಳ ಸಂಕೇತಗಳು ಒಂದನ್ನೊಂದು ಅಳಿಸುತ್ತಿದ್ದವು. ಈಗ ಪ್ರತಿಯೊಂದರ ಒಂದು ಅಂಚಿಗೆ ಮಾರ್ಕರ್‌ನಿಂದ ಗೆರೆ ಎಳೆದಿದ್ದೇನೆ. ಈ ಪ್ರಯೋಗ ಮಾಡುವವರು ಗೆರೆಯನ್ನು ಬಿಚ್ಚುವ ಮೊದಲೇ ಎಳೆಯಿರಿ.

ಫಲಿತಾಂಶಕ್ಕೆ ಬರುತ್ತೇನೆ. ಮೊದಲ ಕೇಳ್ಮೆಯಲ್ಲಿ ಸೆರಾಮಿಕ್ಕೇ ಎಲ್ಲಕ್ಕಿಂತ ಚೆಂದ, ತುಂಬು ದನಿ ಅನ್ನಿಸಿತು. ಅಳೆದು ನೋಡಿದರೆ ಅದು ಆಲ್ನಿಕೊ 2ಕ್ಕಿಂತ 2.5 ಡಿಬಿ (ಡೆಸಿಬೆಲ್) ಜೋರು, ಆಲ್ನಿಕೊ 5 ಒಂದೂವರೆ ಡಿಬಿ ಜೋರು. ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಮೂರನ್ನೂ ಒಂದೇ ಮಟ್ಟಕ್ಕೆ ತಂದು, ಹೆಸರು ಅಳಿಸಿ, ಕಲಸಿ ಕೊಡು ಎಂದು ತಮ್ಮನಿಗೆ ಹೇಳಿದೆ. ಎರಡು ಆಲ್ನಿಕೊಗಳ ಹನ್ನೆರಡು ತುಣುಕುಗಳಲ್ಲಿ ನಾನು ಸರಿಯಾಗಿ ಗುರುತಿಸಿದ್ದು ಏಳು. ನಾಣ್ಯ ಚಿಮ್ಮಿದ್ದರೂ ಆರು ಸರಿ ಹೋಗುತ್ತಿದ್ದವು. ಇಷ್ಟು ವರ್ಷ ನಾನೂ ‘ಆಲ್ನಿಕೊ 2 ಮೆತ್ತಗೆ’ ಎಂದು ಖಚಿತವಾಗಿ ಹೇಳಿಕೊಂಡು ಬಂದಿದ್ದೆ, ಹಾಗಾಗಿ ಆ ಸಂಜೆ ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು. ಬೆಂಡ್‌ನಲ್ಲಿ ಮಾತ್ರ, ಪಿಕ್ ತಾಗಿದ ಆ ಮೊದಲ ಗಳಿಗೆಯಲ್ಲಿ, ಏನೋ ಒಂದು ವ್ಯತ್ಯಾಸ ಇದೆ ಅಂತ ಈಗಲೂ ಅನ್ನಿಸುತ್ತದೆ.

ಮೂರನೇ ವಾರ

ಮ್ಯಾಗ್ನೆಟ್ ಮುಟ್ಟದೆ ಉಳಿದದ್ದನ್ನು ಬದಲಿಸಿ ನೋಡಿದೆ. ಪಿಕಪ್ಪನ್ನು ಒಂದು ಮಿ.ಮೀ. ಕೆಳಗಿಳಿಸಿದರೆ ಸುಮಾರು 3 ಡಿಬಿ ಇಳಿಯಿತು. ಮ್ಯಾಗ್ನೆಟ್ ಬದಲಿಸಿ ಸಿಕ್ಕ ವ್ಯತ್ಯಾಸಕ್ಕಿಂತ ಇದೇ ಹೆಚ್ಚು, ಅದೂ ಸ್ಕ್ರೂಡ್ರೈವರ್ ಒಂದರಿಂದ.

ನಿಜವಾಗಿ ಬೆರಗಾಗಿಸಿದ್ದು ಕೇಬಲ್. ಕಾಯಿಲ್‌ನ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಎಂಬ ವಿದ್ಯುತ್ ಗುಣಗಳು ಸೇರಿ ಒಂದು ಕಂಪನಾಂಕದಲ್ಲಿ ದನಿ ಉಬ್ಬುತ್ತದೆ, ಅದರ ಮೇಲಿನದೆಲ್ಲ ಇಳಿದುಹೋಗುತ್ತದೆ. ನನ್ನ ಪಿಕಪ್ 4.4 ಹೆನ್ರಿ, ಕೇಬಲ್ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಕಾಯಿಲ್ಲಿನದೇ ಒಂದು 100 ಸೇರಿಸಿ ಲೆಕ್ಕ ಹಾಕಿದರೆ 6 ಮೀಟರ್ ಕೇಬಲ್ಲಿಗೆ ಆ ಉಬ್ಬು 2.9 ಕಿಲೊಹರ್ಟ್ಜ್ ಹತ್ತಿರ, 3 ಮೀಟರಿಗೆ 3.8ರ ಹತ್ತಿರ. ಚಿಕ್ಕ ಕೇಬಲ್ ಚುಚ್ಚಿದ ಕೂಡಲೇ, ತಂಬೂರಿಯ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ನಾದ ಅರಳುತ್ತದಲ್ಲ, ಹಾಗೆ ಅರಳಿತು. ಎರಡು ಕೇಬಲ್‌ಗಳ ರೆಕಾರ್ಡಿಂಗ್ ತುಣುಕುಗಳನ್ನು ತಮ್ಮ ಕಲಸಿ ಕೊಟ್ಟಾಗ ನಾನು ಗುರುತಿಸಿದ್ದು ಹನ್ನೆರಡಕ್ಕೆ ಹನ್ನೆರಡೂ ಸರಿ.

ವಾಲ್ಯೂಮ್ ಪಾಟ್ (ದನಿ ಏರಿಳಿಸುವ ಗುಂಡಿಯ ರೋಧಕ) 500ಕೆ, ಅಂದರೆ 500 ಕಿಲೊ ಓಮ್‌ನದು, ತೆಗೆದು 250ಕೆ ಹಾಕಿದಾಗ ಆ ಉಬ್ಬೇ ಚಪ್ಪಟೆ, ಕಂಬಳಿ ಹೊದಿಸಿದಂತೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಪಾಟ್‌ಗಳ ಮೇಲೆ 500 ಎಂದಿದ್ದರೂ ಒಂದು 438, ಇನ್ನೊಂದು 521 ತೋರಿಸಿತು. ಪಾಟ್‌ಗಳಲ್ಲಿ ಶೇ. 20 ಹೆಚ್ಚುಕಡಿಮೆ ಮಾಮೂಲು, ಅಳೆದೇ ಹಾಕಬೇಕು. ನಾನು 521 ಇಟ್ಟುಕೊಂಡೆ.

ಸದ್ಯಕ್ಕೆ ಗಿಟಾರಿನಲ್ಲಿರುವುದು ಆಲ್ನಿಕೊ 2, ಚಿಕ್ಕ ಕೇಬಲ್ ಜೊತೆ. ಮುಂದಿನ ಶನಿವಾರ ಇದೇ ಪಿಕಪ್ಪನ್ನು ನೆಕ್ ಜಾಗಕ್ಕೆ ಹಾಕುತ್ತೇನೆ. ಅಲ್ಲಿ ತಂತಿ ಹೆಚ್ಚು ಅಗಲಕ್ಕೆ ತೂಗಾಡುತ್ತದೆ, ಎರಡು ಆಲ್ನಿಕೊಗಳ ನಡುವೆ ನನ್ನ ಕಿವಿ ಹಿಡಿಯದೆ ಹೋದದ್ದು ಅಲ್ಲಿ ಹಿಡಿದೀತೇ ನೋಡಬೇಕು.