ಡಮ್ಮಿ ತೆಗೆದು ಲೋ ಗೇರ್ ಹಾಕಿಸಿದ್ದು

ಹಳೇ ಮಹೀಂದ್ರ ಜೀಪು ಇಟ್ಟುಕೊಂಡವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಫೋರ್ ವೀಲ್ ಐತೇನ್ರಿ?’ ಪೆಟ್ರೋಲ್ ಬಂಕಿನಲ್ಲಿ, ಸಂತೆಯಲ್ಲಿ, ಮದುವೆ ಮನೆ ಮುಂದೆ, ಎಲ್ಲಿ ನಿಲ್ಲಿಸಿದರೂ ಯಾರಾದರೂ ಕೇಳುತ್ತಾರೆ. ನಮ್ಮದು ಟೂ ವೀಲ್ ಗಾಡಿ, ಅಂದರೆ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗೆ ಮಾತ್ರ. ಇಲ್ಲ ಅಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ನನಗೆ ಅದರಿಂದ ಏನೂ ಬೇಜಾರಿರಲಿಲ್ಲ. ನನ್ನ ತಕರಾರು ಬೇರೆ ಇತ್ತು. ಈ ಜೀಪಿಗೆ ನಿಧಾನವಾಗಿ ಹೋಗೋಕೆ ಬರುತ್ತಿರಲಿಲ್ಲ.

ನಮ್ಮ ಹೊಲ ಅಣ್ಣಿಗೇರಿ ಕಡೆ. ಅಪ್ಪಟ ಎರೆ ಭೂಮಿ. ಹುಬ್ಬಳ್ಳಿಯಿಂದ ಗದಗ ರಸ್ತೆಯಲ್ಲಿ ಆರಾಮಾಗಿ ಬರಬಹುದು. ಡಾಂಬರು ಬಿಟ್ಟು ಬಂಡಿ ದಾರಿಗೆ ಇಳಿದ ಮೇಲೆ ಕಥೆ ಶುರು. ಬೇಸಿಗೆಯಲ್ಲಿ ಅದೇ ದಾರಿ ಕಲ್ಲಿನಷ್ಟು ಗಟ್ಟಿ, ಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಹೆಸರು ಬಿಡಿಸೋ ಹೊತ್ತಿಗೆ, ಅಂದರೆ ಆಗಸ್ಟ್ ಸೆಪ್ಟೆಂಬರಿನಲ್ಲಿ, ಮಳೆ ಹಿಡಿಯಿತು ಅಂದರೆ ಮುಗೀತು. ಎರೆ ಮಣ್ಣು ಪೂರಾ ಹಸಿ ಇದ್ದಾಗ ಜಾರುತ್ತದೆ. ಅರೆಬರೆ ಒಣಗಿದಾಗ ಅಂಟುತ್ತದೆ. ಎರಡನೆಯದೇ ಜಾಸ್ತಿ ಕೆಟ್ಟದ್ದು. ಟೈರಿಗೆ ಸುತ್ತಿಕೊಂಡು, ಮಡ್‌ಗಾರ್ಡ್ ತನಕ ತುಂಬಿಕೊಂಡು, ಕೊನೆಗೆ ಗಾಲಿಯೇ ತಿರುಗುವುದಿಲ್ಲ. ಇಳಿದು ಸಲಾಕೆಯಿಂದ ಕೆದರಬೇಕು.

ಇಂಥ ಕೆಸರಿನಲ್ಲಿ ಫಸ್ಟ್ ಗೇರೂ ಜೋರಾಗುತ್ತದೆ. ಕ್ಲಚ್ ಪೂರಾ ಬಿಟ್ಟರೆ ಗಾಡಿ ಬೇಕಾದ್ದಕ್ಕಿಂತ ಜೋರಾಗಿ ನುಗ್ಗುತ್ತದೆ, ಗಾಲಿ ಸುಮ್ನೆ ತಿರುಗಿ ಗುಂಡಿ ತೋಡುತ್ತದೆ. ಹಾಗಂತ ಅರ್ಧ ಕ್ಲಚ್ ಹಿಡಿದು ಹೋದರೆ ಪ್ಲೇಟ್ ಸುಟ್ಟ ವಾಸನೆ. ಹಿಂದೆ ಕೂತ ಆಳುಗಳು ಬುತ್ತಿ ಗಂಟು ಹಿಡಿದುಕೊಂಡು ಇಳಿದು ನಡೆದೇ ಹೋಗುತ್ತಿದ್ದರು. ಅವರೇ ನಮಗಿಂತ ಮೊದಲು ಹೊಲ ಮುಟ್ಟುತ್ತಿದ್ದರು.

‘ಟ್ರ್ಯಾಕ್ಟರ್ ಐತಲ್ಲೋ ತಮ್ಮಾ, ಇದಕ್ಯಾಕ ರೊಕ್ಕಾ ಸುರೀತಿ?’ ಅಂದರು ಕಾಕಾ. ನ್ಯಾಯವಾದ ಮಾತೇ. ಆದರೆ ಹುಬ್ಬಳ್ಳಿಯಿಂದ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಬರೋಕಾಗುತ್ತಾ? ಬಿತ್ತನೆ ಹೊತ್ತಿನಲ್ಲಿ ಅದೇ ಟ್ರ್ಯಾಕ್ಟರ್ ಊರಿನ ಅರ್ಧ ಹೊಲಕ್ಕೆ ಬಾಡಿಗೆಗೆ ಹೋಗಿರುತ್ತದೆ, ಅದೂ ಕಾಕಾ ಕಳಿಸಿದ್ದೇ.

ಗಾಡಿಯ ಅಡಿಗೆ ಮಲಗಿ ನೋಡಿದರೆ ನಮ್ಮ ಜೀಪಿಗೂ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಥರದ್ದೇ ಒಂದು ಪೆಟ್ಟಿಗೆ ಇತ್ತು. ಅಸಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುತ್ತದೆ, ಬೇಕಾದಾಗ ‘ಲೋ’ ಅನ್ನೋ ನಿಧಾನದ ಗೇರನ್ನೂ ಕೊಡುತ್ತದೆ. ನಮ್ಮದು ಡಮ್ಮಿ. ಈ ಜೀಪುಗಳಲ್ಲಿ ಹಿಂದಿನ ಡಿಫರೆನ್ಷಿಯಲ್, ಅಂದರೆ ಶಕ್ತಿಯನ್ನು ಎಡ ಬಲ ಗಾಲಿಗೆ ಹಂಚುವ ಆಕ್ಸಲಿನ ಉಂಡೆ, ನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಗೇರ್ ಬಾಕ್ಸಿನಿಂದ ಬರುವ ಶಕ್ತಿಯನ್ನೂ ಬಲಕ್ಕೆ ಸರಿಸಬೇಕು. ಡಮ್ಮಿ ಅಷ್ಟೇ ಕೆಲಸ ಮಾಡುತ್ತದೆ. ಮುಂದಿನ ಗಾಲಿಗೆ ಏನೂ ಕೊಡುವುದಿಲ್ಲ, ವೇಗವನ್ನೂ ಬದಲಿಸುವುದಿಲ್ಲ. ಆ ಜಾಗದಲ್ಲಿ ಡಾನಾ 18 ಅನ್ನೋ ಅಸಲಿ ಟ್ರಾನ್ಸ್‌ಫರ್ ಕೇಸ್ ಕೂರಿಸಬೇಕು ಅನ್ನೋದು ನನ್ನ ಲೆಕ್ಕ.

ಡಾನಾ 18 ವಿಲ್ಲೀಸ್ ಜೀಪಿನ ಕಾಲದ ಸಾಮಾನು. ಎರಡನೇ ಮಹಾಯುದ್ಧದ ಮಿಲಿಟರಿ ಜೀಪಿನಲ್ಲೂ ಇದೇ ಇತ್ತು, ಆದರೆ ಅದರ ಲೋ ಅನುಪಾತ, ಅಂದರೆ ಲೋ ಹಾಕಿದಾಗ ವೇಗ ಎಷ್ಟು ಪಟ್ಟು ಇಳಿಯುತ್ತದೆ ಅನ್ನೋ ಲೆಕ್ಕ, 1.97 ಮಾತ್ರ. ಯುದ್ಧ ಮುಗಿದ ಮೇಲೆ, 1945ರಲ್ಲಿ, ರೈತರಿಗೆ ಮಾರಲೆಂದೇ ಸಿಜೆ ಜೀಪು ತಂದರು. ಆಗ ಲೋ ಇನ್ನೂ ಇಳಿಸಿದರು. 2.43 ಆಯಿತು, ಆಮೇಲೆ 2.46. ಈ ಸಂಗತಿ ನನಗೆ ಭಾಳ ಇಷ್ಟ. ಗುಂಡಿನ ಮಳೆಯಲ್ಲಿ ಓಡುವ ಸಿಪಾಯಿಗಿಂತ ಹೊಲದಲ್ಲಿ ಹೋಗುವ ರೈತನಿಗೆ ನಿಧಾನ ಜಾಸ್ತಿ ಬೇಕು ಅಂತ ಅವರಿಗೆ ಆಗಲೇ ಗೊತ್ತಾಗಿತ್ತು, ಅಲ್ವಾ?

2.46 ಅಂದರೆ ಇಷ್ಟೇ. ಯಾವ ಎಂಜಿನ್ ವೇಗದಲ್ಲಿ ಫಸ್ಟ್ ಗೇರಿನಲ್ಲಿ ಗಂಟೆಗೆ 10 ಕಿ.ಮೀ. ಹೋಗುತ್ತೀರೋ, ಲೋ ಹಾಕಿದರೆ ಅದೇ ವೇಗದಲ್ಲಿ 4 ಕಿ.ಮೀ. ಹೋಗುತ್ತೀರಿ. ಗಾಲಿಗೆ ಸಿಗುವ ತಿರುಗುಬಲ ಹೆಚ್ಚು ಕಡಿಮೆ ಎರಡೂವರೆ ಪಟ್ಟು. ಕ್ಲಚ್ ಪೂರಾ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ ಐಡಲ್‌ನಲ್ಲೇ ತೆವಳಬಹುದು.

ಕೆಲಸಕ್ಕಿಂತ ಮೊದಲು ಕಾಗದದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಕಂಪನಿ ಮಾಡಿದ್ದಕ್ಕಿಂತ ಬೇರೆ ಥರ ಬದಲಾಯಿಸುವುದಕ್ಕೆ ಲಗಾಮು ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿತು. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ನಾನು ಅದನ್ನು ಮುಗಿಸಿಯೇ ಗ್ಯಾರೇಜಿಗೆ ಹೋದೆ. ‘ಯಾರ್ ನೋಡ್ತಾರ್ ಬಿಡ್ರಿ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಪಘಾತವಾದ ದಿನ ಅವರ್ಯಾರೂ ಸಿಗುವುದಿಲ್ಲ.

ಗೋಕುಲ ರೋಡಿನ ನಮ್ಮ ಮಿಸ್ತ್ರಿ ಹಳೇ ಜೀಪಿನ ಮನುಷ್ಯ. ವಿಷಯ ಹೇಳಿದ ಕೂಡಲೇ, ‘ಟ್ರಾನ್ಸ್‌ಫರ್ ಕೇಸ್ ಚಿಂತಿ ಬ್ಯಾಡ್ರಿ ಸರ್, ಅದು ಸಿಗತೈತಿ. ಮುಂದಿನ ಆಕ್ಸಲ್ ನಿಮ್ಮನ್ನ ಅಳಸತೈತಿ ನೋಡ್ರಿ’ ಅಂದ. ಅವನ ಮಾತು ಸುಳ್ಳಾಗಲಿಲ್ಲ. ಟ್ರಾನ್ಸ್‌ಫರ್ ಕೇಸ್ ಹಳೇ ಹುಬ್ಬಳ್ಳಿ ಕಡೆ ಒಂದು ಗುಜರಿ ಅಂಗಡಿಯಲ್ಲಿ 14,000ಕ್ಕೆ ಸಿಕ್ಕಿತು. ಆಕ್ಸಲಿಗೆ ಅದರ ದುಪ್ಪಟ್ಟಿಗೂ ಜಾಸ್ತಿ ಹೋಯಿತು.

ಆಕ್ಸಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ನೋಡದೆ ದುಡ್ಡು ಕೊಟ್ಟವರನ್ನು ನಾನು ಕಂಡಿದ್ದೇನೆ. ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಗಾಲಿ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಹಿಂದಿನ ಕ್ರೌನ್ ಪಿನಿಯನ್ ಯಾವ ಅನುಪಾತದ್ದೋ ಮುಂದಿನದೂ ಅದೇ ಇರಬೇಕು. ನಮ್ಮ ಹಿಂದಿನ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಅಂದರೆ 5.38. ಗುಜರಿಯವನು ತೋರಿಸಿದ ಮೊದಲ ಆಕ್ಸಲ್ ನೋಡೋಕೆ ಚೆನ್ನಾಗೇ ಇತ್ತು. ‘ಎಲ್ಲಾ ಮಹೀಂದ್ರಾ ಒಂದ ರೀ’ ಅಂತ ಅವನು. ಮಿಸ್ತ್ರಿ ಮಾತಾಡಲಿಲ್ಲ. ಪಿನಿಯನ್ ಫ್ಲ್ಯಾಂಜಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಒಂದು ಕಡೆಯ ಹಬ್ ಅಲುಗದಂತೆ ನನಗೆ ಹಿಡಿಯಲು ಹೇಳಿ, ಇನ್ನೊಂದು ಕಡೆಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದ. ಒಂದು ಗಾಲಿ ನಿಂತಿದ್ದಾಗ ಇನ್ನೊಂದು ಎರಡು ಸುತ್ತು ಸುತ್ತಿದರೆ ಕ್ರೌನ್ ಒಂದು ಸುತ್ತು ಸುತ್ತುತ್ತದೆ. ಅಷ್ಟರಲ್ಲಿ ಪಿನಿಯನ್ ಎಷ್ಟು ಸುತ್ತಿತೋ ಅದೇ ಅನುಪಾತ. ಬಿಚ್ಚುವುದೇ ಬೇಡ. ಗೆರೆ ಐದನೇ ಸುತ್ತು ಪೂರ್ತಿ ಮುಗಿಸಲಿಲ್ಲ, ಸ್ವಲ್ಪ ಹಿಂದೆಯೇ ನಿಂತಿತು. ಅಂದರೆ 39ಕ್ಕೆ 8, ಅದು 4.88.

ಎರಡಕ್ಕೂ ವ್ಯತ್ಯಾಸ ಸುಮಾರು ನೂರಕ್ಕೆ ಹತ್ತು. ಇಂಥದ್ದನ್ನು ಹಾಕಿದರೆ ಮುಂದಿನ ಗಾಲಿ ಹಿಂದಿನದಕ್ಕಿಂತ ಹತ್ತು ಪರ್ಸೆಂಟ್ ಜೋರಾಗಿ ಓಡಲು ನೋಡುತ್ತದೆ. ಕೆಸರಿನಲ್ಲಿ ಹೇಗೋ ಜಾರಿಕೊಂಡು ನಡೆಯುತ್ತದೆ. ಗಟ್ಟಿ ನೆಲ ಸಿಕ್ಕ ಕೂಡಲೇ ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಮುರಿಯಬೇಕು ಇಲ್ಲಾ ಹಲ್ಲು ಹಾರಬೇಕು. ನಾವು ಅದನ್ನು ಅಲ್ಲೇ ಬಿಟ್ಟು ಬಂದೆವು. ಸರಿಯಾದದ್ದು ಹಾವೇರಿ ಕಡೆಯಿಂದ ಬಂತು, ಕಾಯಬೇಕಾಯಿತು ಅಷ್ಟೇ. ಮುಂದಿನ ಡಿಫರೆನ್ಷಿಯಲ್ ಕೂಡ ಬಲಕ್ಕೇ ಇರಬೇಕು ಅನ್ನೋದನ್ನೂ ಮರೀಬೇಡಿ. ಡಾನಾ 18ರ ಮುಂದಿನ ಹಿಂದಿನ ಎರಡೂ ತುದಿ ಬಲಗಡೆ ಒಂದೇ ಗೆರೆಯಲ್ಲಿ ಇರುತ್ತವೆ.

ಗುಜರಿಯಿಂದ ತಂದದ್ದನ್ನು ಹಾಗೇ ಏರಿಸುವುದು ಬೇಡ ಅಂತ ಮೊದಲೇ ಹೇಳಿದ್ದೆ. ಬೆಂಚಿನ ಮೇಲೆ ಬಿಚ್ಚಿದಾಗ ನಡುವಿನ ಶಾಫ್ಟ್ ಸವೆದಿತ್ತು. ಅದರ ಮೇಲೆ ಸೂಜಿ ಬೇರಿಂಗುಗಳು ಓಡುತ್ತವಲ್ಲ, ಅವು ಕೊರೆದ ಗೆರೆ ಉಗುರಿಗೆ ಸಿಗುತ್ತಿತ್ತು. ಶಾಫ್ಟ್, ಬೇರಿಂಗ್, ಥ್ರಸ್ಟ್ ವಾಷರ್, ಸೀಲ್ ಎಲ್ಲ ಹೊಸದು. ಹಲ್ಲುಗಳು ಮಾತ್ರ ಗಟ್ಟಿಯಾಗಿದ್ದವು. ಔಟ್‌ಪುಟ್ ಶಾಫ್ಟಿನ ಬೇರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋದನ್ನು ಹಿಂದಿನ ಮುಚ್ಚಳದ ಕೆಳಗೆ ತೆಳು ಶಿಮ್ ಸೇರಿಸಿ, ತೆಗೆದು ಹೊಂದಿಸುತ್ತಾರೆ. ಮಿಸ್ತ್ರಿ ಅದಕ್ಕೇ ಒಂದು ಮಧ್ಯಾಹ್ನ ಪೂರಾ ಕೊಟ್ಟ. ನಡುನಡುವೆ ಚಹಾ ಬೇರೆ.

ಡಮ್ಮಿ ಇಳಿಸುವಾಗ ಅವನು ಮಾಡಿದ ಒಂದು ಕೆಲಸ ನೋಡಿ ಖುಷಿಯಾಯಿತು. ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುವಾಗ ಗೇರ್ ಬಾಕ್ಸಿನ ಮೇನ್ ಶಾಫ್ಟೂ ಅದರ ಜೊತೆ ಜಾರಿ ಬರಬಹುದು. ಬಂದರೆ ಗೇರ್ ಸಲೀಸಾಗಿ ಬೀಳಿಸುವ ಒಳಗಿನ ಸಿಂಕ್ರೊನೈಸರ್ ಕಳಚಿ ಬೀಳುತ್ತದೆ, ಇಡೀ ಗೇರ್ ಬಾಕ್ಸ್ ಬಿಚ್ಚುವ ಕೆಲಸ ಮೈಮೇಲೆ ಬರುತ್ತದೆ. ಅವನು ಮೇಲಿನ ಮುಚ್ಚಳ ತೆಗೆದು, ಶಾಫ್ಟಿಗೆ ತಂತಿ ಸುತ್ತಿ ಮುಂದಕ್ಕೆ ಬಿಗಿದು ಕಟ್ಟಿದ. ಆಮೇಲೆ ಡಮ್ಮಿಯನ್ನು ಎಳೆದ. ಹಳೇ ವಿಲ್ಲೀಸ್ ರಿಪೇರಿ ಪುಸ್ತಕದಲ್ಲಿ ಹೇಳಿರುವುದೂ ಇದನ್ನೇ. ಪುಸ್ತಕ ಇವನು ನೋಡಿದವನಲ್ಲ, ಇವನ ಗುರು ಕಲಿಸಿದ್ದಂತೆ.

ಉಳಿದದ್ದು ಮೈಮುರಿಯುವ ಕೆಲಸ. ಮುಂದಿನ ಹಳೇ ಆಕ್ಸಲ್ ಇಳಿಸಿ ಹೊಸದನ್ನು ಕಮಾನ್ ಪಾಟಾಕ್ಕೆ ಕಟ್ಟಿದ್ದು, ಬ್ರೇಕ್ ಪೈಪು, ಸ್ಟೀರಿಂಗ್ ರಾಡು, ದಾರಿಗೆ ಅಡ್ಡ ಬಂದ ಸೈಲೆನ್ಸರ್ ಪೈಪು ಸರಿಸಿದ್ದು. ಪೆಟ್ಟಿಗೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಲೇತಿನವರು ಅಳತೆಗೆ ಕತ್ತರಿಸಿ ಬೆಸುಗೆ ಹಾಕಿ ಕೊಟ್ಟರು. ಎರಡೂ ತುದಿಯ ಯೋಕ್, ಅಂದರೆ ಕವೆ, ಒಂದೇ ನೇರಕ್ಕೆ ಇದೆಯಾ ಅಂತ ನಿಂತು ನೋಡಿಕೊಂಡೆ. ತಿರುಚಿದರೆ ಗಾಡಿ ನಡುಗುತ್ತದೆ.

ಒಂದೇ ಒಂದು ವಿಷಯಕ್ಕೆ ಮಿಸ್ತ್ರಿಗೂ ನನಗೂ ವಾದ ಆಯಿತು. ಡಾನಾ 18ರಲ್ಲಿ ಎರಡು ಲಿವರ್. ಒಂದು ಮುಂದಿನ ಗಾಲಿ ಸೇರಿಸಲು, ಇನ್ನೊಂದು ಹೈ, ನ್ಯೂಟ್ರಲ್, ಲೋ. ಒಳಗೆ ಎರಡು ರಾಡಿನ ನಡುವೆ ಒಂದು ಪುಟ್ಟ ಕಬ್ಬಿಣದ ಗುಳಿಗೆ ಇರುತ್ತದೆ. ಮುಂದಿನ ಗಾಲಿ ಸೇರದೆ ಲೋ ಬೀಳದಂತೆ ಅದು ತಡೆಯುತ್ತದೆ. ‘ಆ ಗುಳಿಗಿ ತಗದ ಬಿಡ್ತೀನ್ರಿ ಸರ್, ಟೂ ವೀಲ್‌ನ್ಯಾಗೂ ಲೋ ಸಿಗತೈತಿ. ಟ್ರೇಲರ್ ರಿವರ್ಸ್ ಹಾಕಾಕ ಭಾರೀ ಛಲೋ’ ಅಂದ. ಲಾಭ ಇದೆ, ಇಲ್ಲ ಅನ್ನಲಾರೆ. ಆದರೆ ಎರಡೂವರೆ ಪಟ್ಟು ಬಲ ಪೂರಾ ಹಿಂದಿನ ಆಕ್ಸಲಿನ ಮೇಲೇ ಬೀಳುತ್ತದೆ. ಹಳೇ ಗಾಡಿಯಲ್ಲಿ ಗಾಲಿ ತಿರುಗಿಸುವ ಹಾಫ್ ಶಾಫ್ಟ್ ಅದನ್ನು ಎಷ್ಟು ದಿನ ತಡೆದೀತು? ಹೊಲದ ನಡುವೆ ಮುರಿದರೆ ಯಾರು ಬಂದು ಎಳೆಯಬೇಕು? ಗುಳಿಗೆ ಇರಲಿ ಅಂದೆ. ಅವನಿಗೆ ಇವತ್ತಿಗೂ ಅಸಮಾಧಾನ.

ಹೊಲದಲ್ಲಿ ಮೊದಲ ಸಲ ಲೋ ಹಾಕಿದ್ದು ಹಿಂಗಾರು ಮಳೆ ಬಿದ್ದ ಮೇಲೆ, ಕಡಲೆ ಬಿತ್ತುವ ಹೊತ್ತಿನಲ್ಲಿ. ಬಂಡಿ ದಾರಿಯ ಬಾಯಲ್ಲೇ ನಿಂತು, ಕ್ಲಚ್ ಒತ್ತಿ, ಮೊದಲು ಮುಂದಿನ ಗಾಲಿ, ಆಮೇಲೆ ಲೋ. ನಿಂತೇ ಹಾಕಬೇಕು. ಓಡುವಾಗ ಹಾಕಲು ಹೋದರೆ ಹಲ್ಲು ಕಿರುಚುತ್ತವೆ. ಲೋನಲ್ಲಿ ಫಸ್ಟ್ ಗೇರಿಗಿಂತ ಸೆಕೆಂಡ್ ವಾಸಿ ಅನ್ನಿಸಿತು, ಗಾಲಿ ಜಾರುವುದು ಕಡಿಮೆ. ಬೀಜ ಗೊಬ್ಬರದ ಚೀಲ ಹಾಕಿಕೊಂಡು, ಕಾಲು ಪೆಡಲಿನಿಂದ ತೆಗೆದು, ಬರೀ ಸ್ಟೀರಿಂಗ್ ಹಿಡಿದು ಕೂತೆ. ಗಾಡಿ ಗುರುಗುಟ್ಟುತ್ತ ಹೋಯಿತು. ಪಕ್ಕದ ಬದುವಿನ ಮೇಲೆ ಬರುತ್ತಿದ್ದ ಅಜ್ಜ ನಮ್ಮನ್ನು ದಾಟಿಕೊಂಡೇ ಹೋದ. ಕ್ಲಚ್ ವಾಸನೆ ಇಲ್ಲ.

ಇದರ ಮಿತಿಯೂ ಇದೆ. ಎರಡೂ ಡಿಫರೆನ್ಷಿಯಲ್ ಓಪನ್, ಅಂದರೆ ಲಾಕ್ ಇಲ್ಲ, ಹಿಡಿತ ಬಿಟ್ಟ ಗಾಲಿಯೇ ಸುಮ್ನೆ ತಿರುಗುತ್ತದೆ. ಮುಂದೆ ಒಂದು, ಹಿಂದೆ ಒಂದು ಗಾಲಿ ಹಿಡಿತ ಬಿಟ್ಟರೆ ನಾಲ್ಕು ಗಾಲಿ ಇದ್ದೂ ನಿಂತಲ್ಲೇ. ಡಿಫರೆನ್ಷಿಯಲ್ ಉಂಡೆ ಕೆಸರಿನ ಮೇಲೆ ಕೂತುಬಿಟ್ಟರೆ ಲೋ ಏನೂ ಮಾಡದು, ಟ್ರ್ಯಾಕ್ಟರೇ ಬರಬೇಕು. ಒಮ್ಮೆ ಬಂತು ಕೂಡ. ಕಾಕಾ ಏನೂ ಅನ್ನಲಿಲ್ಲ, ಹಗ್ಗ ಕಟ್ಟುವಾಗ ಸುಮ್ನೆ ನಕ್ಕರು. ಗಟ್ಟಿ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿಕೊಂಡು ತಿರುಗಬೇಡಿ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕಾಗುತ್ತದೆ. ಮುಂದಿನ ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಹಲ್ಲುಗಳಲ್ಲಿ ಬಿಗಿ ಸೇರುತ್ತ ಹೋಗುತ್ತದೆ, ಕೊನೆಗೆ ಲಿವರ್ ಕೂಡ ಹೊರಗೆ ಬರುವುದಿಲ್ಲ. ಸ್ವಲ್ಪ ರಿವರ್ಸ್ ಹೋದರೆ ಬಿಡುತ್ತದೆ.

ಗಾಡಿ ಭಾರ ಜಾಸ್ತಿಯಾಗಿದೆ, ತಿರುಗಿಸಲು ಜಾಗ ಜಾಸ್ತಿ ಬೇಕು. ಗೇರ್ ಆಯಿಲ್ ಒಂದೊಂದು ಹನಿ ಬೀಳುತ್ತಲೇ ಇದೆ. ಡಾನಾ 18 ಇದ್ದ ಜೀಪಿನ ಕೆಳಗೆ ಹನಿ ಇಲ್ಲ ಅಂದರೆ ಒಳಗೆ ಆಯಿಲೇ ಇಲ್ಲ ಅಂತ ಮಿಸ್ತ್ರಿ ತಮಾಷೆ ಮಾಡುತ್ತಾನೆ.

ಇತ್ತೀಚೆಗೆ ಕಾಕಾ ಈ ಪೆಟ್ಟಿಗೆಯ ಹಿಂಬದಿಯ ಮುಚ್ಚಳದ ಮೇಲೆ ಕಣ್ಣಿಟ್ಟಿದ್ದಾರೆ. ಅದನ್ನು ತೆಗೆದರೆ ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಜೋಡಣೆ, ಕೂರುತ್ತದೆ, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿ ನಿಂತಲ್ಲೇ ನೀರಿನ ಪಂಪು ಓಡಿಸಬಹುದು ಅಂತ ಯಾರೋ ಅವರಿಗೆ ಹೇಳಿದ್ದಾರೆ. ಹೇಳಿದ್ದು ನಿಜವೇ. ‘ಗುಜರಿಯಾಂವಗ ಒಂದ ಮಾತ ಕೇಳಿ ನೋಡೋ’ ಅನ್ನುತ್ತಿದ್ದಾರೆ. ಮೊದಲು ಆಯಿಲ್ ಸೋರುವ ಆ ಸೀಲ್ ಬದಲಾಗಲಿ, ಆಮೇಲೆ ನೋಡೋಣ ಅಂದಿದ್ದೇನೆ.